ಬರಬೇಕಾದ ಇ-ಮೇಲ್ ಬಾರದಿದ್ದರೆ: ವರ್ತಕರು ತಾವೇ ನಡೆಸಬಹುದಾದ ಪರಿಶೀಲನೆ

ನಮ್ಮ ಕಚೇರಿಯ ಕಕ್ಷಿದಾರರಾದ ಸಣ್ಣ ಕೈಗಾರಿಕೋದ್ಯಮಿಯೊಬ್ಬರಿಗೆ ಜಿ.ಎಸ್.ಟಿ.ಯ ಎ.ಎಸ್.ಎಂ.ಟಿ.-10 ನಮೂನೆಯಲ್ಲಿ ಒಂದು ನೋಟೀಸು ಬಂದಿತ್ತು. ರಿಟರ್ನಿನಲ್ಲಿ ಕಂಡುಬಂದ ವ್ಯತ್ಯಾಸಕ್ಕೆ ವಿವರಣೆ ಕೇಳುವ ಈ ನೋಟೀಸಿಗೆ ಗರಿಷ್ಠ 30 ದಿನಗಳ ಕಾಲಾವಕಾಶವಿರುತ್ತದೆ. ಅದು ಅವರ ಗಮನಕ್ಕೆ ಬಂದದ್ದು 26ನೆಯ ದಿನ. ಅದೂ ಕಾರ್ಖಾನೆಯಲ್ಲಲ್ಲ, ಮನೆಯಲ್ಲಿ. ಅವರ ಮಗ ಮನೆಯ ಗಣಕಯಂತ್ರದಲ್ಲಿ ಬೇರಾವುದೋ ಪತ್ರವನ್ನು ಹುಡುಕುತ್ತಿದ್ದಾಗ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದಿತು. "ಕಾರ್ಖಾನೆಗೆ ಇಂತಹ ಯಾವ ಮೇಲೂ ಬಂದಿಲ್ಲ" ಎಂದು ಲೆಕ್ಕಪತ್ರ ನೋಡಿಕೊಳ್ಳುವವರು ಹೇಳಿದ್ದು ಸುಳ್ಳಾಗಿರಲಿಲ್ಲ. ಅಲ್ಲಿಗೆ ಅದು ಬಂದೇ ಇರಲಿಲ್ಲ. ಎರಡು ದಿನಗಳಲ್ಲಿ ದಾಖಲೆಗಳನ್ನು ಜೋಡಿಸಿ ಉತ್ತರ ಸಲ್ಲಿಸಿದೆವು, ವಿವರಣೆಯೂ ಸರಳವಾಗಿತ್ತು. ಆದರೆ ಇನ್ನೊಂದು ವಾರ ತಡವಾಗಿದ್ದರೆ ಆ ಸರಳ ವಿವರಣೆಯನ್ನು ನೀಡುವ ಅವಕಾಶವೇ ಕೈತಪ್ಪುತ್ತಿತ್ತು.

ಮನೆಯಲ್ಲಿಯೂ ಸಣ್ಣ ಕಚೇರಿಗಳಲ್ಲಿಯೂ ಬಳಸುವ ಇ-ಮೇಲ್ ತಂತ್ರಾಂಶಗಳಲ್ಲಿ ಉಂಟಾಗುವ ತೊಂದರೆಗಳು ಹೆಚ್ಚಿನವು ಹೀಗೆ ಸಣ್ಣ ಕಾರಣಗಳಿಂದಲೇ ಆಗುವಂಥವು. ಬಹುಪಾಲು ತೊಂದರೆಗಳನ್ನು ತಂತ್ರಜ್ಞರ ನೆರವಿಲ್ಲದೆ ವರ್ತಕರೇ ಪತ್ತೆಹಚ್ಚಬಹುದು. ಅದಕ್ಕೆ ಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ನೋಡಲಿಲ್ಲ ಎಂಬ ಕಾರಣ ಸಾಲದು

ಮೊದಲಿಗೆ ಕಾನೂನಿನ ಸ್ಥಿತಿಯನ್ನು ಅರಿತುಕೊಳ್ಳುವುದು ಒಳಿತು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 169ನೆಯ ಪ್ರಕರಣದ ಪ್ರಕಾರ, ನೋಂದಣಿಯ ಕಾಲದಲ್ಲಿ ನೀಡಿದ ಅಥವಾ ತರುವಾಯ ತಿದ್ದುಪಡಿ ಮಾಡಿಸಿದ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದು ನೋಟೀಸು ಜಾರಿಯ ಒಂದು ಸಮರ್ಪಕ ವಿಧಾನವಾಗಿದೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 13ನೆಯ ಪ್ರಕರಣವು, ಪಕ್ಷಗಾರರ ನಡುವೆ ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸಂದೇಶವು ಸ್ವೀಕೃತವಾದ ಕಾಲ ಯಾವುದೆಂಬುದನ್ನು ಹೇಳುತ್ತದೆ. ನಾವೇ ಸೂಚಿಸಿದ ವ್ಯವಸ್ಥೆಯನ್ನು ಸಂದೇಶವು ಪ್ರವೇಶಿಸಿದ ಕ್ಷಣವೇ ಸ್ವೀಕೃತಿಯ ಕಾಲ. ಅದನ್ನು ತೆರೆದು ಓದಿದ ಕಾಲವಲ್ಲ.

ಆದ್ದರಿಂದ ಪತ್ರವು ಸ್ಪ್ಯಾಮ್ ಕಡತದಲ್ಲಿ ಬಿದ್ದಿತ್ತು, ಔಟ್‌ಲುಕ್ ಕೆಟ್ಟಿತ್ತು, ಪಾಸ್‌ವರ್ಡ್ ಮರೆತಿತ್ತು ಎಂಬ ಕಾರಣಗಳು ಗಡುವನ್ನು ಮುಂದೂಡಲಾರವು. ಜಿ.ಎಸ್.ಟಿ. ನೋಂದಣಿ ರದ್ದತಿಗೆ ಮುನ್ನ ನೀಡುವ ಆರ್.ಇ.ಜಿ.-17 ನೋಟೀಸಿಗೆ ಉತ್ತರಿಸಲು ಇರುವುದು ಕೇವಲ ಏಳು ಕೆಲಸದ ದಿನಗಳು. ಇಷ್ಟು ಕಡಿಮೆ ಅವಧಿಯಲ್ಲಿ ಮೇಲ್ ಪೆಟ್ಟಿಗೆ ಒಂದು ವಾರ ಕೆಟ್ಟು ನಿಂತರೂ ವ್ಯಾಪಾರಕ್ಕೇ ಧಕ್ಕೆ.

ಪತ್ರ ಸಾಗುವ ದಾರಿ

ಹಿಂದೆ ಅನೇಕ ವರ್ತಕರು ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಇಟ್ಟುಕೊಂಡಿರುತ್ತಿದ್ದರು. ಅಂಗಡಿಯ ಹುಡುಗ ದಿನವೂ ಹೋಗಿ ಕಾಗದಗಳನ್ನು ತರುತ್ತಿದ್ದ. ಇ-ಮೇಲ್ ಕೂಡ ಹಾಗೆಯೇ. ಪತ್ರ ಮೊದಲು ಬಂದು ಸೇರುವುದು ಸೇವಾದಾರರ ಸರ್ವರಿನಲ್ಲಿರುವ ಪೆಟ್ಟಿಗೆಗೆ. ನಮ್ಮ ಗಣಕಯಂತ್ರದ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ತಂತ್ರಾಂಶವು ಅಲ್ಲಿಂದ ಅದನ್ನು ತರುವ ಹುಡುಗ ಮಾತ್ರ.

ತರುವ ವಿಧಾನಗಳು ಎರಡು. ಪಿ.ಓ.ಪಿ. ವಿಧಾನದಲ್ಲಿ ಪತ್ರಗಳನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳಲಾಗುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಸರ್ವರಿನ ಪೆಟ್ಟಿಗೆ ಬರಿದಾಗುತ್ತದೆ. ಐಮ್ಯಾಪ್ ವಿಧಾನದಲ್ಲಿ ಮೂಲ ಪತ್ರವು ಸರ್ವರಿನಲ್ಲಿಯೇ ಉಳಿದು, ಪ್ರತಿಯೊಂದು ಯಂತ್ರದಲ್ಲಿಯೂ ಅದರ ಪ್ರತಿಬಿಂಬ ಕಾಣುತ್ತದೆ. ಪತ್ರ ಕಳುಹಿಸುವುದು ಎಸ್.ಎಂ.ಟಿ.ಪಿ. ಎಂಬ ಪ್ರತ್ಯೇಕ ದಾರಿಯಲ್ಲಿ. ಈ ಕಾರಣದಿಂದಲೇ ಪತ್ರಗಳು ಸರಿಯಾಗಿ ಬರುತ್ತಿದ್ದರೂ ಕಳುಹಿಸಲು ಆಗದಿರುವುದು ಅಥವಾ ಇದಕ್ಕೆ ವಿರುದ್ಧವಾದ ಪರಿಸ್ಥಿತಿ ಉಂಟಾಗುವುದು ಸಾಧ್ಯ.

ಮೊದಲ ಪರೀಕ್ಷೆ

ಏನೇ ತೊಂದರೆ ಕಂಡರೂ ಮೊದಲು ಮಾಡಬೇಕಾದ ಕೆಲಸ ಒಂದೇ. ತಂತ್ರಾಂಶವನ್ನು ಬದಿಗಿರಿಸಿ, ಬ್ರೌಸರಿನ ಮೂಲಕ ಸೇವಾದಾರರ ಜಾಲತಾಣಕ್ಕೆ ನೇರವಾಗಿ ಹೋಗಿ ಪೆಟ್ಟಿಗೆಯನ್ನು ತೆರೆಯಿರಿ. ಬೇರೊಂದು ವಿಳಾಸದಿಂದ ನಿಮಗೆ ನೀವೇ ಒಂದು ಪತ್ರ ಕಳುಹಿಸಿ.

ಪತ್ರವು ಜಾಲತಾಣದಲ್ಲಿ ಕಂಡು ತಂತ್ರಾಂಶದಲ್ಲಿ ಕಾಣದಿದ್ದರೆ ದೋಷ ನಿಮ್ಮ ಯಂತ್ರದಲ್ಲಿದೆ. ಜಾಲತಾಣದಲ್ಲಿಯೂ ಕಾಣದಿದ್ದರೆ ಸ್ಪ್ಯಾಮ್ ಕಡತ, ಪೆಟ್ಟಿಗೆಯ ಸ್ಥಳಾವಕಾಶ, ಪತ್ರಗಳನ್ನು ಬೇರೆಡೆಗೆ ಸರಿಸುವ ನಿಯಮಗಳು ಹಾಗೂ ಡೊಮೇನ್ ಇವುಗಳನ್ನು ನೋಡಬೇಕು. ಜಾಲತಾಣವೇ ತೆರೆಯದಿದ್ದರೆ ಅಂತರ್ಜಾಲ ಸಂಪರ್ಕವನ್ನು ನೋಡಬೇಕು. ಈ ಐದು ನಿಮಿಷಗಳ ಪರೀಕ್ಷೆಯಿಂದ ಹುಡುಕಾಟದ ಅರ್ಧ ಭಾಗ ಮುಗಿಯುತ್ತದೆ.

ಕೆಲವು ಪತ್ರಗಳು ಬಂದು ಕೆಲವು ಬಾರದಿದ್ದರೆ

ಆರಂಭದಲ್ಲಿ ಹೇಳಿದ ಪ್ರಸಂಗದ ಮರ್ಮ ಇಲ್ಲಿದೆ. ಕಾರ್ಖಾನೆಯ ಮತ್ತು ಮನೆಯ ಯಂತ್ರಗಳೆರಡರಲ್ಲಿಯೂ ಒಂದೇ ಖಾತೆಯನ್ನು ಪಿ.ಓ.ಪಿ. ವಿಧಾನದಲ್ಲಿ ಅಳವಡಿಸಲಾಗಿತ್ತು. ಪತ್ರದ ಪ್ರತಿಯನ್ನು ಸರ್ವರಿನಲ್ಲಿ ಉಳಿಸುವ 'ಲೀವ್ ಎ ಕಾಪಿ ಆಫ್ ಮೆಸೇಜಸ್ ಆನ್ ದಿ ಸರ್ವರ್' ಎಂಬ ಆಯ್ಕೆಗೆ ಕಾರ್ಖಾನೆಯಲ್ಲಿ ಗುರುತು ಹಾಕಿದ್ದರು, ಮನೆಯಲ್ಲಿ ಹಾಕಿರಲಿಲ್ಲ. ಹಗಲು ಬಂದ ಪತ್ರಗಳು ಎರಡೂ ಕಡೆ ಕಾಣುತ್ತಿದ್ದವು. ಸಂಜೆ ಕಾರ್ಖಾನೆಯ ಬಾಗಿಲು ಹಾಕಿದ ನಂತರ ಬಂದವನ್ನು ಮಾತ್ರ ಮನೆಯ ಯಂತ್ರವು ರಾತ್ರಿಯೇ ಇಳಿಸಿಕೊಂಡು ಸರ್ವರಿನಿಂದ ಅಳಿಸಿಹಾಕುತ್ತಿತ್ತು. ನೋಟೀಸು ಬಂದದ್ದು ಸಂಜೆ ಆರೂವರೆಗೆ.

ಒಂದಕ್ಕಿಂತ ಹೆಚ್ಚು ಯಂತ್ರಗಳಲ್ಲಿ ಅಥವಾ ಮೊಬೈಲಿನಲ್ಲಿಯೂ ಪತ್ರ ನೋಡುವವರು ಐಮ್ಯಾಪ್ ವಿಧಾನಕ್ಕೆ ಬದಲಾಯಿಸಿಕೊಳ್ಳುವುದು ಸೂಕ್ತ. ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಐಮ್ಯಾಪ್‌ನಲ್ಲಿ ಒಂದು ಯಂತ್ರದಲ್ಲಿ ಅಳಿಸಿದ ಪತ್ರ ಎಲ್ಲೆಡೆಯೂ ಅಳಿಯುತ್ತದೆ. ಅಲ್ಲದೆ, ಹಳೆಯ ಪಿ.ಓ.ಪಿ. ಖಾತೆಯನ್ನು ತೆಗೆಯುವ ಮುನ್ನ ಯಂತ್ರದಲ್ಲಿಳಿದ ಪತ್ರಗಳ ಪ್ರತಿಯನ್ನು ಬೇರೆಡೆ ಇರಿಸಿಕೊಳ್ಳಬೇಕು. ಅವು ಸರ್ವರಿನಲ್ಲಿ ಇಲ್ಲದಿರಬಹುದು.

ಪಾಸ್‌ವರ್ಡ್ ಸರಿಯಿದ್ದರೂ ಒಪ್ಪದಿದ್ದರೆ

"ನಿನ್ನೆಯವರೆಗೆ ಚೆನ್ನಾಗಿತ್ತು, ಇಂದು ಪದೇ ಪದೇ ಪಾಸ್‌ವರ್ಡ್ ಕೇಳುತ್ತಿದೆ" ಎಂಬುದು ಸಾಮಾನ್ಯ ದೂರು. ಇದಕ್ಕೆ ಸೇವಾದಾರರು ಮಾಡಿದ ಬದಲಾವಣೆಗಳೇ ಬಹುಮಟ್ಟಿಗೆ ಕಾರಣ. ಗೂಗಲ್ ಸಂಸ್ಥೆಯು 2022ರ ಮೇ 30ರಿಂದ, ವೈಯಕ್ತಿಕ ಖಾತೆಗಳಿಗೆ ಕೇವಲ ಹೆಸರು ಮತ್ತು ಪಾಸ್‌ವರ್ಡ್ ಮೂಲಕ ಹೊರಗಿನ ತಂತ್ರಾಂಶಗಳು ಪ್ರವೇಶಿಸುವ ಸೌಲಭ್ಯವನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯು ಹಾಟ್‌ಮೇಲ್, ಔಟ್‌ಲುಕ್ ಡಾಟ್ ಕಾಮ್ ಮುಂತಾದ ವೈಯಕ್ತಿಕ ಖಾತೆಗಳಿಗೆ ಇದೇ ಕ್ರಮವನ್ನು 2024ರ ಸೆಪ್ಟೆಂಬರ್ 16ರಿಂದ ಜಾರಿಗೆ ತಂದಿತು.

ಬ್ರೌಸರ್ ಕಿಟಕಿಯೊಂದನ್ನು ತೆರೆದು ಸೇವಾದಾರರ ಪುಟದಲ್ಲಿಯೇ ಪ್ರವೇಶ ಪಡೆಯುವ ಹೊಸ ತಂತ್ರಾಂಶಗಳಲ್ಲಿ ಈ ತೊಡಕಿಲ್ಲ. ಹಳೆಯ ತಂತ್ರಾಂಶದಲ್ಲಿ ಜಿಮೇಲ್ ಬಳಸುವವರು ಎರಡು ಹಂತದ ದೃಢೀಕರಣವನ್ನು ಚಾಲನೆಗೊಳಿಸಿ, 16 ಅಕ್ಷರಗಳ 'ಆಪ್ ಪಾಸ್‌ವರ್ಡ್' ಪಡೆದು ಅದನ್ನು ತಂತ್ರಾಂಶದಲ್ಲಿ ನಮೂದಿಸಬೇಕು. ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಈ ಆಪ್ ಪಾಸ್‌ವರ್ಡ್‌ಗಳು ರದ್ದಾಗುತ್ತವೆ. ಮಾಲೀಕರು ಮೊಬೈಲಿನಲ್ಲಿ ಪಾಸ್‌ವರ್ಡ್ ಬದಲಿಸಿದ ಮರುದಿನ ಕಚೇರಿಯ ಔಟ್‌ಲುಕ್ ನಿಂತುಹೋಗುವುದರ ಗುಟ್ಟು ಇದೇ.

ಪ್ರಮಾಣಪತ್ರದ ದೋಷವೆಂಬ ಸೂಚನೆ ಬಂದರೆ ಗಣಕಯಂತ್ರದ ದಿನಾಂಕವನ್ನು ಮೊದಲು ನೋಡಿ. ಹಳೆಯ ಯಂತ್ರದ ಒಳಗಿನ ಚಿಕ್ಕ ಬ್ಯಾಟರಿ ಮುಗಿದಿದ್ದರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಸರ್ವರಿನ ಭದ್ರತಾ ಪ್ರಮಾಣಪತ್ರ ಅಮಾನ್ಯವೆಂದು ಯಂತ್ರ ತಿಳಿಯುತ್ತದೆ. ಅಲ್ಪ ಬೆಲೆಯ ಬ್ಯಾಟರಿ ಹಾಕಿಸಿದರೆ ಸಾಕು. ದಿನಾಂಕ ಸರಿಯಿದ್ದೂ ದೋಷ ಮುಂದುವರಿದರೆ ತಂತ್ರಾಂಶವೇ ಹಳೆಯದಾಗಿರಬಹುದು. ಟಿ.ಎಲ್.ಎಸ್. ಎಂಬ ಭದ್ರತಾ ವಿಧಾನದ 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲಿ ಅಧಿಕೃತವಾಗಿ ಕೈಬಿಡಲಾಗಿದೆ. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಕಾಲ ಎಂದೋ ಮುಗಿಯಿತು. ವಿಂಡೋಸ್ ಲೈವ್ ಮೇಲ್‌ಗೆ 2017ರ ಜನವರಿಯಲ್ಲಿಯೂ, ವಿಂಡೋಸ್ 10ರೊಂದಿಗೆ ಬಂದ ಮೇಲ್ ಆಪ್‌ಗೆ 2024ರ ಡಿಸೆಂಬರ್ ಅಂತ್ಯಕ್ಕೂ ಬೆಂಬಲ ನಿಂತಿತು. ಇಂತಹವನ್ನು ರಿಪೇರಿ ಮಾಡಿಸಲು ಹಣ ಸುರಿಯುವುದಕ್ಕಿಂತ ಉಚಿತವಾಗಿ ದೊರೆಯುವ ಥಂಡರ್‌ಬರ್ಡ್‌ನಂತಹ ತಂತ್ರಾಂಶಕ್ಕೆ ಬದಲಾಗುವುದು ಲಾಭಕರ.

ಪತ್ರ ಹೋಗದಿದ್ದರೆ

ಕಳುಹಿಸಿದ ಪತ್ರ ಔಟ್‌ಬಾಕ್ಸ್‌ನಲ್ಲಿಯೇ ನಿಂತಿದ್ದರೆ ಮೂರು ಅಂಶಗಳನ್ನು ಪರಿಶೀಲಿಸಿ. ಮೊದಲನೆಯದಾಗಿ, 'ವರ್ಕ್ ಆಫ್‌ಲೈನ್' ಎಂಬ ಆಯ್ಕೆ ತಿಳಿಯದೆ ಒತ್ತಲ್ಪಟ್ಟಿರಬಹುದು. ಎರಡನೆಯದಾಗಿ, ಕಳುಹಿಸುವ ಸರ್ವರಿಗೂ ದೃಢೀಕರಣ ಬೇಕೆಂಬ ಆಯ್ಕೆಗೆ ಗುರುತು ಬಿದ್ದಿರಬೇಕು. ಪೋರ್ಟ್ ಸಂಖ್ಯೆ 587 ಅಥವಾ 465 ಇರಬೇಕು. ಹಿಂದೆ ಬಳಕೆಯಲ್ಲಿದ್ದ 25ನೆಯ ಪೋರ್ಟನ್ನು ಅನೇಕ ಅಂತರ್ಜಾಲ ಸೇವಾದಾರರು ತಡೆಹಿಡಿಯುತ್ತಾರೆ. ತರುವ ದಾರಿಗೆ ಪಿ.ಓ.ಪಿ. ಆದರೆ 995, ಐಮ್ಯಾಪ್ ಆದರೆ 993 ಸಾಮಾನ್ಯ ಸಂಖ್ಯೆಗಳು. ಮೂರನೆಯದಾಗಿ, ಲಗತ್ತಿನ ಗಾತ್ರ. ಜಿಮೇಲ್‌ನಲ್ಲಿ ಕಳುಹಿಸುವ ಮಿತಿ 25 ಎಂ.ಬಿ. ಆದರೆ ಲಗತ್ತುಗಳು ಪ್ರಯಾಣಕ್ಕಾಗಿ ರೂಪಾಂತರಗೊಂಡಾಗ ಸುಮಾರು ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತವೆ. ಆದುದರಿಂದ 18 ಎಂ.ಬಿ.ಯನ್ನು ಮೀರದಿರುವುದು ಕ್ಷೇಮ. ಬಿಲ್ಲು, ಚಲನ್‌ಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡದೆ ಕಪ್ಪು-ಬಿಳುಪಿನಲ್ಲಿ ಮಾಡಿದರೆ ಗಾತ್ರ ಗಣನೀಯವಾಗಿ ತಗ್ಗುತ್ತದೆ. ಡಿಜಿಟಲ್ ಸಹಿ ಹಾಕಿದ ಪಿ.ಡಿ.ಎಫ್. ಕಡತವನ್ನು ಮಾತ್ರ ಕುಗ್ಗಿಸಕೂಡದು; ಕುಗ್ಗಿಸಿದರೆ ಸಹಿ ಅಮಾನ್ಯವಾಗುತ್ತದೆ. ಕುಗ್ಗಿಸಿದ ನಂತರ ಸಹಿ ಹಾಕುವುದೇ ಸರಿಯಾದ ಕ್ರಮ.

ಹೋದ ಪತ್ರ ಹಿಂದಿರುಗಿದರೆ ಅದನ್ನು ಓದದೆ ಅಳಿಸಬೇಡಿ. ಅದರಲ್ಲಿರುವ ಸಂಖ್ಯೆಯೇ ಕಾರಣವನ್ನು ಹೇಳುತ್ತದೆ. 4ರಿಂದ ಆರಂಭವಾದರೆ ತಾತ್ಕಾಲಿಕ ಅಡಚಣೆ. ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಆರಂಭವಾದರೆ ಶಾಶ್ವತ ನಿರಾಕರಣೆ. 5.1.1 ಎಂದರೆ ವಿಳಾಸ ತಪ್ಪು, 5.2.2 ಎಂದರೆ ಪಡೆಯುವವರ ಪೆಟ್ಟಿಗೆ ತುಂಬಿದೆ, 5.3.4 ಎಂದರೆ ಪತ್ರದ ಗಾತ್ರ ಹೆಚ್ಚು; 5.7ರಿಂದ ಆರಂಭವಾಗುವವು ಭದ್ರತಾ ಕಾರಣದ ನಿರಾಕರಣೆ.

ಸಂಸ್ಥೆಯ ಹೆಸರಿನ ಸ್ವಂತ ಡೊಮೇನ್ ಹೊಂದಿರುವವರು 5.7ರ ಗುಂಪಿಗೆ ವಿಶೇಷ ಗಮನ ನೀಡಬೇಕು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಪತ್ರ ಕಳುಹಿಸುವ ಡೊಮೇನ್‌ಗಳಿಗೆ ಎಸ್.ಪಿ.ಎಫ್. ಅಥವಾ ಡಿ.ಕೆ.ಐ.ಎಂ. ಎಂಬ ದಾಖಲೆ ಇರಬೇಕೆಂದು ಗೂಗಲ್ ವಿಧಿಸಿದೆ. ಇವು ಇಲ್ಲದಿದ್ದರೆ ನಿಮ್ಮ ಕೊಟೇಶನ್ನು ಖರೀದಿದಾರರ ಸ್ಪ್ಯಾಮ್ ಕಡತಕ್ಕೆ ಹೋಗಬಹುದು ಅಥವಾ ತಿರಸ್ಕೃತವಾಗಬಹುದು. ಜಾಲತಾಣ ನೋಡಿಕೊಳ್ಳುವವರಿಗೆ ಈ ಎರಡು ಹೆಸರುಗಳನ್ನು ಹೇಳಿದರೆ ಅವರು ಸರಿಪಡಿಸಬಲ್ಲರು. ಡೊಮೇನಿನ ವಾರ್ಷಿಕ ಶುಲ್ಕ ಕಟ್ಟುವುದು ಮರೆತರೆ ಎಲ್ಲ ಸಿಬ್ಬಂದಿಯ ಪತ್ರಗಳೂ ಒಮ್ಮೆಗೇ ನಿಲ್ಲುತ್ತವೆ ಎಂಬುದೂ ನೆನಪಿನಲ್ಲಿರಲಿ.

ಪೆಟ್ಟಿಗೆ ತುಂಬಿದರೆ, ಕಡತ ಕೆಟ್ಟರೆ

ಗೂಗಲ್‌ನ ಉಚಿತ ಖಾತೆಗೆ ದೊರೆಯುವ 15 ಜಿ.ಬಿ. ಸ್ಥಳವು ಮೇಲ್‌ಗೆ ಮಾತ್ರ ಮೀಸಲಲ್ಲ. ಡ್ರೈವ್ ಮತ್ತು ಫೋಟೋಗಳಿಗೂ ಸೇರಿದ್ದು. ಮದುವೆಯ ಫೋಟೋಗಳು ಸ್ಥಳವನ್ನು ತುಂಬಿದ ಕಾರಣಕ್ಕೆ ವ್ಯಾಪಾರದ ಪತ್ರಗಳು ನಿಂತುಹೋದದ್ದನ್ನು ನಾನು ಕಂಡಿದ್ದೇನೆ. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಇರಬೇಕೆಂಬುದಕ್ಕೆ ಇದೂ ಒಂದು ಕಾರಣ.

ಔಟ್‌ಲುಕ್ ತಂತ್ರಾಂಶವು ಪಿ.ಓ.ಪಿ. ಪತ್ರಗಳನ್ನು ಪಿ.ಎಸ್.ಟಿ. ಎಂಬ ಒಂದೇ ಕಡತದಲ್ಲಿ ಸಂಗ್ರಹಿಸುತ್ತದೆ. 2002ರ ಆವೃತ್ತಿಯವರೆಗೆ ಈ ಕಡತದ ಮಿತಿ 2 ಜಿ.ಬಿ. ಇತ್ತು. ಅಂದಿನ ಕಡತವನ್ನೇ ಇಂದಿಗೂ ಮುಂದುವರಿಸಿಕೊಂಡು ಬಂದವರಿಗೆ ಆ ಮಿತಿ ಈಗಲೂ ಅನ್ವಯಿಸುತ್ತದೆ. ಹೊಸ ಮಾದರಿಯ ಕಡತಗಳ ಮಿತಿ ಬಹಳ ಹೆಚ್ಚಿದ್ದರೂ, ವಿದ್ಯುತ್ ಹಠಾತ್ತನೆ ಹೋದಾಗ ಇಷ್ಟು ದೊಡ್ಡ ಕಡತ ಕೆಡುವ ಸಂಭವವಿದೆ. ಔಟ್‌ಲುಕ್‌ನೊಂದಿಗೇ ಬರುವ 'ಸ್ಕ್ಯಾನ್‌ಪಿ.ಎಸ್.ಟಿ.' ಎಂಬ ದುರಸ್ತಿ ಸಾಧನ ಇದಕ್ಕಾಗಿಯೇ ಇದೆ. ದುರಸ್ತಿಗೆ ಮುನ್ನ ಕಡತದ ಒಂದು ಪ್ರತಿ ತೆಗೆದಿರಿಸುವುದು ಕಡ್ಡಾಯ. ಥಂಡರ್‌ಬರ್ಡ್‌ನಲ್ಲಿ ಅಳಿಸಿದ ಪತ್ರಗಳ ಸ್ಥಳ ತೆರವಾಗಬೇಕಾದರೆ ಕಡತಗಳನ್ನು 'ಕಾಂಪ್ಯಾಕ್ಟ್' ಮಾಡಬೇಕು. ಪತ್ರಗಳ ಪಟ್ಟಿ ಅಸ್ತವ್ಯಸ್ತವಾಗಿ ಕಂಡರೆ 'ರಿಪೇರ್ ಫೋಲ್ಡರ್' ಸೌಲಭ್ಯವಿದೆ.

ಇಳಿಯುವಾಗ ಒಂದೇ ಪತ್ರದ ಬಳಿ ಪ್ರತಿಸಲ ನಿಂತುಬಿಡುತ್ತಿದ್ದರೆ, ಆ ಪತ್ರವನ್ನು ಬ್ರೌಸರಿನಲ್ಲಿ ನೋಡಿ ಬೇರೆ ಕಡತಕ್ಕೆ ಸರಿಸಿದರೆ ಉಳಿದವು ಇಳಿಯುತ್ತವೆ. ಆಂಟಿವೈರಸ್ ತಂತ್ರಾಂಶದ ಮೇಲ್ ತಪಾಸಣೆಯೂ ಕೆಲವೊಮ್ಮೆ ಅಡ್ಡಿಯಾಗುತ್ತದೆ. ಅದನ್ನು ಪರೀಕ್ಷೆಗಾಗಿ ಕೆಲವು ನಿಮಿಷ ಮಾತ್ರ ನಿಲ್ಲಿಸಿ ನೋಡಿ, ಮತ್ತೆ ಚಾಲನೆ ಮಾಡಿ.

ಓದಲಾಗದ ಪತ್ರಗಳು

ಕನ್ನಡ ಪತ್ರವೊಂದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಸಿದ್ಧವಾದದ್ದೆಂದು ತಿಳಿಯಬೇಕು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಓದಲು ಬಾರದು. ಯೂನಿಕೋಡ್‌ನಲ್ಲಿ ಕಳುಹಿಸಲು ಕೋರುವುದೇ ಪರಿಹಾರ. ನೀವು ಕಳುಹಿಸಿದ ಇನ್‌ವಾಯ್ಸ್ ಖರೀದಿದಾರರಿಗೆ 'ವಿನ್‌ಮೇಲ್ ಡಾಟ್ ಡ್ಯಾಟ್' ಎಂಬ ತೆರೆಯದ ಕಡತವಾಗಿ ತಲುಪುತ್ತಿದ್ದರೆ, ಔಟ್‌ಲುಕ್‌ನಲ್ಲಿ ಪತ್ರದ ಮಾದರಿಯನ್ನು 'ರಿಚ್ ಟೆಕ್ಸ್ಟ್' ಬದಲಿಗೆ ಎಚ್.ಟಿ.ಎಂ.ಎಲ್. ಎಂದು ಬದಲಿಸಿದರೆ ಸಾಕು.

ದೋಷವಲ್ಲ, ವಂಚನೆ

ಪತ್ರಗಳು ಬಾರದಿರುವುದಕ್ಕೆ ಇನ್ನೊಂದು ಕಾರಣವಿದೆ. ಅದು ಎಲ್ಲಕ್ಕಿಂತ ಗಂಭೀರ. ಖಾತೆಯ ಪಾಸ್‌ವರ್ಡ್ ಕದ್ದ ವಂಚಕರು ಪತ್ರಗಳನ್ನು ತಕ್ಷಣ ಓದಿ ಸುಮ್ಮನಾಗುವುದಿಲ್ಲ. ನಿರ್ದಿಷ್ಟ ಗ್ರಾಹಕರ ಪತ್ರಗಳನ್ನು ತಮಗೆ ರವಾನಿಸುವ ಹಾಗೂ ನಿಮ್ಮ ಕಣ್ಣಿಗೆ ಬೀಳದಂತೆ ಬೇರೆ ಕಡತಕ್ಕೆ ಸರಿಸುವ ನಿಯಮವನ್ನು ಬರೆದಿಡುತ್ತಾರೆ. ಸೂಕ್ತ ಸಮಯ ನೋಡಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಮೊತ್ತವನ್ನು ಹೊಸ ಖಾತೆಗೆ ಕಳುಹಿಸಿ" ಎಂದು ನಿಮ್ಮ ಹೆಸರಿನಲ್ಲಿ ಬರೆಯುತ್ತಾರೆ. ಒಂದೇ ಗ್ರಾಹಕರ ಪತ್ರಗಳು ಹಠಾತ್ತನೆ ನಿಂತರೆ, ಬ್ರೌಸರಿನಲ್ಲಿ ಖಾತೆಯ ಸೆಟ್ಟಿಂಗ್ಸ್ ತೆರೆದು 'ಫಿಲ್ಟರ್ಸ್', 'ರೂಲ್ಸ್' ಮತ್ತು 'ಫಾರ್ವರ್ಡಿಂಗ್' ಭಾಗಗಳನ್ನು ನೋಡಿ. ನೀವು ಹಾಕದ ನಿಯಮ ಕಂಡರೆ ಅದರ ಚಿತ್ರ ತೆಗೆದಿರಿಸಿ, ನಿಯಮವನ್ನು ಅಳಿಸಿ, ಪಾಸ್‌ವರ್ಡ್ ಬದಲಿಸಿ, ಇತರ ಎಲ್ಲ ಯಂತ್ರಗಳಿಂದ ಖಾತೆಯನ್ನು ಹೊರಹಾಕಿ.

ಬ್ಯಾಂಕ್ ಖಾತೆ ಬದಲಾವಣೆಯ ಪತ್ರ ಯಾರಿಂದಲೇ ಬರಲಿ, ನಿಮ್ಮಲ್ಲಿ ಮೊದಲೇ ಇರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಪಾವತಿಸಬೇಡಿ. ಪತ್ರದಲ್ಲಿರುವ ಸಂಖ್ಯೆಗೆ ಕರೆ ಮಾಡುವುದು ವ್ಯರ್ಥ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೂ ನಿಮ್ಮ ಬ್ಯಾಂಕಿಗೂ ತಿಳಿಸಬೇಕು. ಇಲ್ಲಿ ಪ್ರತಿ ಗಂಟೆಗೂ ಬೆಲೆಯಿದೆ.

ದಾಖಲೆಯಲ್ಲಿರುವ ವಿಳಾಸ ಯಾರದು?

ತಂತ್ರಾಂಶ ಸರಿಯಿದ್ದೂ ನೋಟೀಸು ತಲುಪದಿರುವುದಕ್ಕೆ ನಮ್ಮ ವೃತ್ತಿಯವರೂ ಕಾರಣರೆಂದು ಒಪ್ಪಿಕೊಳ್ಳಬೇಕು. 2017ರಲ್ಲಿ ಜಿ.ಎಸ್.ಟಿ.ಗೆ ವಲಸೆ ಹೋಗುವ ಅವಸರದಲ್ಲಿ ಅನೇಕ ನೋಂದಣಿಗಳಿಗೆ ಸಲಹೆಗಾರರ ಅಥವಾ ಅಂದಿನ ಗುಮಾಸ್ತರ ಇ-ಮೇಲ್ ವಿಳಾಸವನ್ನೇ ಕೊಡಲಾಯಿತು. ಆ ಗುಮಾಸ್ತರು ಕೆಲಸ ಬಿಟ್ಟಿರಬಹುದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲಾರಂಭಿಸಿದೆ. ಪೋರ್ಟಲ್‌ನಲ್ಲಿ ಅಧಿಕೃತ ಸಹಿದಾರರ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ನಾನ್-ಕೋರ್ ತಿದ್ದುಪಡಿಯ ಮೂಲಕ ಬದಲಿಸಬಹುದು. ಅಧಿಕಾರಿಯ ಅನುಮೋದನೆ ಬೇಕಿಲ್ಲ. ಆದಾಯ ತೆರಿಗೆಯ ಜಾಲತಾಣದಲ್ಲಿಯೂ ಬ್ಯಾಂಕಿನಲ್ಲಿಯೂ ಇರುವ ವಿಳಾಸಗಳನ್ನು ಇದರೊಂದಿಗೆ ಪರಿಶೀಲಿಸಿಕೊಳ್ಳಬೇಕು.

ಹಳೆಯ ಪತ್ರಗಳನ್ನು ಕಾಪಾಡುವುದು

ಗಣಕಯಂತ್ರ ನಿಧಾನವಾಯಿತೆಂದು 'ಫಾರ್ಮ್ಯಾಟ್' ಮಾಡಿಸುವ ಮುನ್ನ ಪಿ.ಎಸ್.ಟಿ. ಕಡತ ಅಥವಾ ಥಂಡರ್‌ಬರ್ಡ್‌ನ 'ಪ್ರೊಫೈಲ್' ಕಡತದ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆಯಲೇಬೇಕು. ಪ್ರತಿ ತೆಗೆಯುವಾಗ ತಂತ್ರಾಂಶ ಮುಚ್ಚಿರಬೇಕು. ಜಿ.ಎಸ್.ಟಿ. ಅಧಿನಿಯಮದ 36ನೆಯ ಪ್ರಕರಣದಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕಾಗಿದೆ. ಆರ್ಡರು, ದರ ಒಪ್ಪಿಗೆ, ಸರಕು ತಲುಪಿದ ಸ್ವೀಕೃತಿ ಇವೆಲ್ಲ ಇಂದು ಇ-ಮೇಲ್‌ನಲ್ಲಿಯೇ ಇರುವುದರಿಂದ ಪತ್ರಗಳನ್ನೂ ಅಷ್ಟೇ ಕಾಲ ಉಳಿಸುವುದು ವಿವೇಕ.

ಬಾಕಿ ವಸೂಲಿಯ ವ್ಯಾಜ್ಯದಲ್ಲಿ ಬರಿಯ ಮುದ್ರಿತ ಪ್ರತಿ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ಇದಕ್ಕೆ ಪ್ರಮಾಣಪತ್ರವನ್ನು ಕೇಳುತ್ತದೆ. ಅದಕ್ಕೆ ಉಪಕರಣದ ಹೊಣೆ ಹೊತ್ತವರೂ ತಜ್ಞರೂ ಸಹಿ ಮಾಡಬೇಕು. ಮೂಲ ಪತ್ರ ಅಳಿದಿದ್ದರೆ ಇಂತಹ ಪ್ರಮಾಣಪತ್ರ ನೀಡುವುದು ಕಷ್ಟ.

ರೂಢಿಸಿಕೊಳ್ಳಬೇಕಾದ ಕ್ರಮ

1. ವಾರಕ್ಕೊಮ್ಮೆ ಬ್ರೌಸರಿನ ಮೂಲಕ ಪೆಟ್ಟಿಗೆಯನ್ನೂ ಸ್ಪ್ಯಾಮ್ ಕಡತವನ್ನೂ ನೋಡುವುದು.

2. ಅದೇ ದಿನ ಜಿ.ಎಸ್.ಟಿ. ಹಾಗೂ ಆದಾಯ ತೆರಿಗೆ ಪೋರ್ಟಲ್‌ಗಳಲ್ಲಿ ನೋಟೀಸುಗಳಿವೆಯೇ ಎಂದು ಪರಿಶೀಲಿಸುವುದು.

3. ತಿಂಗಳಿಗೊಮ್ಮೆ ಸ್ಥಳಾವಕಾಶ, ಫಿಲ್ಟರ್ ಮತ್ತು ಫಾರ್ವರ್ಡಿಂಗ್ ನಿಯಮಗಳನ್ನು ನೋಡುವುದು. ಪತ್ರಗಳ ಪ್ರತಿ ತೆಗೆಯುವುದು.

4. ಯಾವ ಖಾತೆ, ಯಾವ ಯಂತ್ರ, ಯಾವ ವಿಧಾನ, ಡೊಮೇನ್ ನವೀಕರಣದ ದಿನಾಂಕ ಇವನ್ನು ಒಂದು ಹಾಳೆಯಲ್ಲಿ ಬರೆದಿರಿಸುವುದು.

5. ಸಿಬ್ಬಂದಿ ಕೆಲಸ ಬಿಟ್ಟ ದಿನವೇ ಪಾಸ್‌ವರ್ಡ್ ಬದಲಿಸಿ, ದಾಖಲೆಯಲ್ಲಿರುವ ವಿಳಾಸಗಳನ್ನು ಪರಿಶೀಲಿಸುವುದು.

ದಿನದ ನಗದನ್ನು ತಾಳೆ ನೋಡದೆ ವರ್ತಕರು ಅಂಗಡಿ ಮುಚ್ಚುವುದಿಲ್ಲ. ಅಂಚೆ ಪೆಟ್ಟಿಗೆಯನ್ನೂ ಹಾಗೆಯೇ ತಾಳೆ ನೋಡುವ ಅಭ್ಯಾಸವಿದ್ದರೆ 26ನೆಯ ದಿನದ ಗಾಬರಿ ಯಾರಿಗೂ ಬಾರದು. ನಮ್ಮ ಆ ಕಕ್ಷಿದಾರರು ಈಗ ಮನೆಯ ಯಂತ್ರದಿಂದ ಖಾತೆಯನ್ನು ತೆಗೆಸಿದ್ದಾರೆ. ಕಾರ್ಖಾನೆಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಮೊದಲ ಕೆಲಸವಾಗಿ ಮೇಲಿನ ಎರಡು ಪರಿಶೀಲನೆಗಳು ನಡೆಯುತ್ತವೆ. ಅದಕ್ಕೆ ತಗಲುವುದು ಹದಿನೈದು ನಿಮಿಷ.